ದೂರದ ತರಗತಿಯಲ್ಲಿ ಮಾತುಕತೆ: ಐವತ್ತು ವರ್ಷಗಳ ಒಂದು ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಹಿರಿಯರು, ನನಗಿಂತ ಚೆನ್ನಾಗಿ ಬರೆಯಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಗೊತ್ತಿರುವುದು ಕಂಪ್ಯೂಟರ್ ಕೆಲಸ. ಹಾಗಾಗಿ ಅದಕ್ಕೂ ನಮ್ಮ ಶಾಲೆಗೂ ಈಗ ಸಂಬಂಧ ಬಂದಿರುವ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ. ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷ ಶಾಲೆಗೆ ಟ್ಯಾಬ್ಲೆಟ್‌ಗಳನ್ನು ಕೊಡುವುದೆಂದೂ, ಬೆಂಗಳೂರು, ಹೈದರಾಬಾದ್, ಹೊರದೇಶಗಳಲ್ಲಿ ಇರುವ ನಾವೆಲ್ಲ ವಾರಕ್ಕೊಮ್ಮೆ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವುದೆಂದೂ ಮಾತಾಗಿದೆ. ಹಣವೂ ಸೇರುತ್ತಿದೆ. ಟ್ಯಾಬ್ಲೆಟ್ ಯಾವ ಕಂಪನಿಯದು, ಪರದೆ ಎಷ್ಟು ಇಂಚಿನದು ಎಂಬ ಬಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನೂರಾರು ಸಂದೇಶಗಳು ಹರಿದಾಡಿವೆ. ಆ ಪರದೆಯಲ್ಲಿ ಮಕ್ಕಳು ಮಾತನಾಡುವುದು ಹೇಗೆ ಎಂಬ ಬಗ್ಗೆ ಒಂದೂ ಬಂದಿಲ್ಲ.

ಕೋವಿಡ್ ಬಂದ ಮೇಲೆಯೇ ಇದೆಲ್ಲ ಶುರುವಾಯಿತು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಕಂಪ್ಯೂಟರ್ ಮೂಲಕ ತರಗತಿಯ ಚರ್ಚೆ ನಡೆಸುವ ಕೆಲಸಕ್ಕೆ ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸು. ಈ ಐವತ್ತು ವರ್ಷಗಳಲ್ಲಿ ಒಂದೇ ತಪ್ಪನ್ನು ಬೇರೆ ಬೇರೆ ದೇಶಗಳ ಜನ ಮತ್ತೆ ಮತ್ತೆ ಮಾಡಿದ್ದಾರೆ. ಒಂದೇ ಪರಿಹಾರವನ್ನು ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ. ಹಣ ಖರ್ಚು ಮಾಡುವ ಮೊದಲು ನಾವು ಆ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ರೇಡಿಯೋ

ದೂರದಲ್ಲಿರುವವರಿಗೆ ಕಲಿಸುವ ಯಂತ್ರ ಹೊಸದಾಗಿ ಬಂದಾಗಲೆಲ್ಲ ಒಬ್ಬರು ಹೇಳುವುದು, ಉಳಿದವರು ಕೇಳುವುದು ಎಂದೇ ಕೆಲಸ ಆರಂಭವಾಗಿದೆ. ರೇಡಿಯೋ ಕಾಲದಲ್ಲೇ ಇದು ಸಾಲದು ಎಂದು ಕೆಲವರಿಗೆ ಅನ್ನಿಸಿತ್ತು. ಕೆನಡಾದಲ್ಲಿ 1941ರಲ್ಲಿ ರೈತರ ರೇಡಿಯೋ ವೇದಿಕೆ ಶುರುವಾಯಿತು. ಅಕ್ಕಪಕ್ಕದ ಮನೆಯವರು ಒಂದೆಡೆ ಕುಳಿತು ಕಾರ್ಯಕ್ರಮ ಕೇಳುವುದು, ಮುಗಿದ ಮೇಲೆ ತಮ್ಮತಮ್ಮಲ್ಲೇ ಚರ್ಚೆ ಮಾಡುವುದು, ಅಭಿಪ್ರಾಯವನ್ನು ಬರೆದು ಕಳಿಸುವುದು ಅದರ ಕ್ರಮ.

ಅದೇ ಮಾದರಿ 1956ರಲ್ಲಿ ನಮ್ಮ ದೇಶಕ್ಕೆ ಬಂತು. ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿ ಆಗಿನ ಮುಂಬೈ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಗುಂಪುಗಳನ್ನು ಕಟ್ಟಿತು. ಹತ್ತು ವಾರ, ವಾರಕ್ಕೆರಡು ಕಾರ್ಯಕ್ರಮ. ಹಳ್ಳಿಯ ಸುಮಾರು ಇಪ್ಪತ್ತು ಜನ ಸೇರಿ ಕೇಳುತ್ತಿದ್ದರು, ನಂತರ ಚರ್ಚೆ. ಅವರ ಪ್ರಶ್ನೆಗಳಿಗೆ ಮುಂದಿನ ಕಾರ್ಯಕ್ರಮದಲ್ಲಿ ಉತ್ತರ ಬರುತ್ತಿತ್ತು. ಇದರ ಫಲವನ್ನು ಅಳೆಯುವ ಕೆಲಸ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯದು. ಅವರು ಬುದ್ಧಿವಂತಿಕೆಯಿಂದ ಇನ್ನೂ ಎರಡು ಬಗೆಯ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಒಂದು, ರೇಡಿಯೋ ಇದ್ದು ಚರ್ಚೆಯ ಗುಂಪು ಇಲ್ಲದ ಹಳ್ಳಿಗಳು. ಇನ್ನೊಂದು, ಎರಡೂ ಇಲ್ಲದ ಹಳ್ಳಿಗಳು. ಗುಂಪು ಕಟ್ಟಿ ಚರ್ಚೆ ಮಾಡಿದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಎದ್ದು ಕಾಣುವಷ್ಟು ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದ ಕಡೆ ಅಷ್ಟು ಹೆಚ್ಚಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಮುಖ್ಯ ಪಾಠ ಕಂಪ್ಯೂಟರ್ ಬರುವ ಮೊದಲೇ, ನಮ್ಮ ಪಕ್ಕದ ರಾಜ್ಯದ ಹಳ್ಳಿಗಳಲ್ಲೇ ಸಿಕ್ಕಿಬಿಟ್ಟಿತ್ತು.

ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್. ಹಾರುವ ವೈದ್ಯರನ್ನು ಕರೆಯಲು ಆ ಮನೆಗಳಿಗೆಲ್ಲ ಎರಡೂ ಕಡೆ ಮಾತನಾಡಬಲ್ಲ ರೇಡಿಯೋ ಸಂಪರ್ಕ ಇತ್ತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಅದೇ ಸಂಪರ್ಕದ ಮೇಲೆ ಶಾಲೆ ನಡೆಸತೊಡಗಿದರು. ‘ಗಾಳಿಯ ಶಾಲೆ’ ಎಂದೇ ಅದರ ಹೆಸರು. ಒಂದು ಸಲಕ್ಕೆ ಒಬ್ಬರೇ ಮಾತನಾಡಲು ಸಾಧ್ಯ, ಆದರೆ ಮಗು ತಿರುಗಿ ಮಾತನಾಡಬಹುದಿತ್ತು. ಈ ಶಾಲೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಂಥ ಶಾಲೆಯಲ್ಲಿ ಕಲಿತ ಒಬ್ಬ ಹುಡುಗ ಮುಂದೆ ಈ ಕಥೆಯಲ್ಲಿ ಬರುತ್ತಾನೆ.

1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತದಲ್ಲಿ ಉಪಗ್ರಹ ಟಿವಿಯ ಸೈಟ್ ಪ್ರಯೋಗ ನಡೆಯಿತು. ಅಮೆರಿಕದಿಂದ ಎರವಲು ಪಡೆದ ಉಪಗ್ರಹ, ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಜಗತ್ತೇ ಬೆರಗಾಗಿ ನೋಡಿದ ಸಾಹಸ ಅದು. ಆದರೆ ಮಾತು ಒಂದೇ ದಿಕ್ಕಿಗೆ. ಹಳ್ಳಿಯ ಮಗು ಪರದೆಗೆ ತಿರುಗಿ ಏನನ್ನೂ ಕೇಳುವಂತಿರಲಿಲ್ಲ.

ದೋಷಗಳ ಪಟ್ಟಿಯಿಂದ ಹುಟ್ಟಿದ ಚರ್ಚೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್ 1960ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆ ಆರಂಭಿಸಿದರು. ಯಂತ್ರ ಪಾಠ ಹೇಳಬೇಕು, ಪ್ರಶ್ನೆ ಕೇಳಬೇಕು, ವಿದ್ಯಾರ್ಥಿ ಉತ್ತರಿಸಬೇಕು ಎಂಬುದು ಉದ್ದೇಶ. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವುದು ಯೋಜನೆಯಲ್ಲೇ ಇರಲಿಲ್ಲ. ವ್ಯವಸ್ಥೆಯಲ್ಲಿ ಕಂಡ ದೋಷಗಳನ್ನು ಬರೆದಿಡಲು ಒಂದು ತೆರೆದ ಕಡತ ಇತ್ತು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಯಾರು ಬೇಕಾದರೂ ಇನ್ನೊಬ್ಬರು ಬರೆದದ್ದನ್ನು ಅಳಿಸಲೂಬಹುದು! ಯಾರು ಬರೆದರು, ಯಾವಾಗ ಬರೆದರು ಎಂಬುದೂ ತಿಳಿಯುತ್ತಿರಲಿಲ್ಲ. 1973ರಲ್ಲಿ ಡೇವಿಡ್ ವೂಲಿ ಎಂಬ 17 ವರ್ಷದ ಹುಡುಗನಿಗೆ ಇದನ್ನು ಸರಿಪಡಿಸು ಎಂದು ಹೇಳಿದರು. ಅವನು ಪ್ರತಿ ಟಿಪ್ಪಣಿಗೂ ಬರೆದವರ ಹೆಸರು, ದಿನಾಂಕ, ಸಮಯ ತಾನಾಗಿ ಸೇರುವಂತೆ ಮಾಡಿದ. ಒಂದು ಟಿಪ್ಪಣಿಗೆ ಬಂದ ಉತ್ತರಗಳೆಲ್ಲ ಅದರ ಕೆಳಗೇ ಸಾಲಾಗಿ ನಿಲ್ಲುವಂತೆ ಮಾಡಿದ. ಒಂದಕ್ಕೆ ಹೆಚ್ಚೆಂದರೆ 63 ಉತ್ತರ. ಇದೇ ಪ್ಲೇಟೋ ನೋಟ್ಸ್. ನಾನು ದಿನಾ ಬೆಳಗ್ಗೆ ಆಫೀಸಿನಲ್ಲಿ ತೆರೆಯುವ ಬಗ್ ಪಟ್ಟಿಗೂ, ಇಂದಿನ ಆನ್‌ಲೈನ್ ತರಗತಿಗಳ ಚರ್ಚಾಪುಟಕ್ಕೂ ಇದೇ ಮುತ್ತಜ್ಜ. ಹತ್ತನೇ ತರಗತಿ ಮುಗಿಸಿ ಪಿಯುಸಿಯಲ್ಲಿರುವ ವಯಸ್ಸಿನ ಹುಡುಗ ಇದನ್ನು ಬರೆದ ಎಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರಾದರೂ ಹೇಳಿದರೆ ಚೆನ್ನ.

ಅದೇ ವರ್ಷ ಅದೇ ಪ್ಲೇಟೋದಲ್ಲಿ ಟಾಕೋಮ್ಯಾಟಿಕ್ ಎಂಬ ಇನ್ನೊಂದು ಕಾರ್ಯಕ್ರಮವೂ ಬಂತು. ಅದರಲ್ಲಿ ಐದು ಜನ ಒಂದೇ ಹೊತ್ತಿನಲ್ಲಿ ಕುಳಿತು ಹರಟಬಹುದು. ಒಬ್ಬರು ಒತ್ತಿದ ಒಂದೊಂದು ಅಕ್ಷರವೂ ಆ ಕ್ಷಣದಲ್ಲೇ ಉಳಿದವರಿಗೆ ಕಾಣುತ್ತಿತ್ತು. ಹೀಗೆ ಎರಡು ದಾರಿಗಳು ಆಗಲೇ ಕವಲೊಡೆದವು: ಎಲ್ಲರೂ ಒಟ್ಟಿಗೆ ಕೂತು ಮಾತನಾಡುವುದು ಒಂದು, ಅವರವರ ಬಿಡುವಿನಲ್ಲಿ ಬಂದು ಬರೆದು ಹೋಗುವುದು ಇನ್ನೊಂದು. ಜೂಮ್ ತರಗತಿ ಮೊದಲನೆಯ ಮನೆತನದ್ದು, ವಾಟ್ಸಾಪ್ ಗುಂಪು ಎರಡನೆಯದು.

ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಇಂದಿಗೂ ಇದೆ. ನಾನು ಎರಡನೆಯದರ ಪಕ್ಷ. ಅದಕ್ಕೆ ಕಾರಣ ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಒಂದು ಸಂಶೋಧನೆ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸುಮಾರು ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬರದಿದ್ದರೆ ಬೇರೆಯವರನ್ನು ಕೇಳುವುದು, ಇಲ್ಲವೇ ತಾವೇ ಹೇಳಿಬಿಡುವುದು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು, ದಡ್ಡರೆಂದು ಬದಿಗಿಟ್ಟ ಮಕ್ಕಳೂ ಬಾಯಿ ಬಿಟ್ಟರು. ನಮ್ಮ ತರಗತಿಯಲ್ಲಿ ಕೊನೆಯ ಬೆಂಚಿನವರು ಉತ್ತರ ಗೊತ್ತಿದ್ದೂ ಸುಮ್ಮನಿರುತ್ತಿದ್ದುದನ್ನು ನೆನಪಿಸಿಕೊಳ್ಳಿ. ಮುಂದಿನ ಬೆಂಚಿನವರ ಕೈ ಅಷ್ಟರಲ್ಲಿ ಮೇಲಿರುತ್ತಿತ್ತು. ಮೂರು ಸೆಕೆಂಡಿಗೇ ಇಷ್ಟು ವ್ಯತ್ಯಾಸವಾದರೆ ಒಂದು ಇಡೀ ಸಂಜೆಯ ಅವಕಾಶ ಕೊಟ್ಟರೆ? ಬರೆಹದ ಚರ್ಚೆಯ ಬಲ ಇರುವುದು ಇಲ್ಲಿ.

ಕಲಿತ ಮೊದಲ ಪಾಠಗಳು

ನ್ಯೂಜೆರ್ಸಿಯ ತಂತ್ರಜ್ಞಾನ ಸಂಸ್ಥೆಯೊಂದರಲ್ಲಿ ಮರ್ರಿ ಟುರಾಫ್ 1976ರ ಹೊತ್ತಿಗೆ ಕಂಪ್ಯೂಟರ್ ಮೂಲಕ ಸಭೆ ನಡೆಸುವ ಒಂದು ವ್ಯವಸ್ಥೆಯನ್ನು ಕಟ್ಟಿದರು. ಅವರೂ ಸಮಾಜಶಾಸ್ತ್ರಜ್ಞೆ ಸ್ಟಾರ್ ರಾಕ್ಸಾನ್ ಹಿಲ್ಟ್ಜ್ ಅವರೂ ಸೇರಿ 1980ರ ದಶಕದಲ್ಲಿ ಅದರ ಮೇಲೆ ತರಗತಿಗಳನ್ನು ನಡೆಸಿದರು. ‘ವರ್ಚುವಲ್ ಕ್ಲಾಸ್‌ರೂಮ್’ ಎಂಬ ಹೆಸರನ್ನು ಬಳಕೆಗೆ ತಂದವರು ಇವರೇ.

ಅವರು ಮಾಡಿದ ಒಂದು ಏರ್ಪಾಟು ನನಗೆ ಬಹಳ ಹಿಡಿಸಿದ್ದು. ಶಿಕ್ಷಕರು ಪ್ರಶ್ನೆ ಹಾಕುತ್ತಾರೆ. ವಿದ್ಯಾರ್ಥಿ ತನ್ನ ಉತ್ತರ ಬರೆದು ಕಳಿಸುವವರೆಗೆ ಬೇರೆಯವರ ಉತ್ತರ ಅವನಿಗೆ ಕಾಣುವುದಿಲ್ಲ. ಕಳಿಸಿದ ಮೇಲೆ ಎಲ್ಲರದ್ದೂ ತೆರೆದುಕೊಳ್ಳುತ್ತದೆ. ಇದರಿಂದ ಮುಂದಿನವನ ಉತ್ತರವನ್ನು ನೋಡಿ ‘ನನ್ನದೂ ಅದೇ’ ಎನ್ನುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ತನ್ನದು ತಪ್ಪಿರಬಹುದು ಎಂದು ಹೆದರಿ ಅಳಿಸುವುದೂ ತಪ್ಪುತ್ತದೆ. ತಾನು ಯೋಚಿಸಿ ಬರೆದ ಮೇಲೆ ಗೆಳತಿ ಬೇರೆಯದೇ ಬರೆದದ್ದನ್ನು ಕಂಡಾಗ ಹುಟ್ಟುವ ಕುತೂಹಲಕ್ಕೂ, ಸುಮ್ಮನೆ ಓದಿದಾಗ ಆಗುವುದಕ್ಕೂ ಬಹಳ ಅಂತರ.

ಹಿಲ್ಟ್ಜ್ ಅವರು ಫಲಿತಾಂಶವನ್ನೂ ಪ್ರಾಮಾಣಿಕವಾಗಿ ಅಳೆದರು. ವಿದ್ಯಾರ್ಥಿಗಳು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಿ ಒಟ್ಟಾಗಿ ಕಲಿತ ಕಡೆ ಫಲ ಸಾಮಾನ್ಯ ತರಗತಿಯಷ್ಟೇ ಇತ್ತು, ಕೆಲವೊಮ್ಮೆ ಅದಕ್ಕಿಂತ ಮೇಲಿತ್ತು. ಪಾಠವನ್ನು ಹಾಕಿ, ಉತ್ತರ ತರಿಸಿಕೊಂಡು, ಅಂಕ ಕೊಟ್ಟು ಕಳಿಸಿದ ಕಡೆ ಅದು ಸಾಮಾನ್ಯ ತರಗತಿಗಿಂತ ಕಡಿಮೆಯೇ ಆಗಿತ್ತು. ಅಂಚೆ ಶಿಕ್ಷಣಕ್ಕೆ ವಿದ್ಯುತ್ ಸೇರಿಸಿದ ಹಾಗೆ.

ಕ್ಯಾಲಿಫೋರ್ನಿಯಾದ ಇನ್ನೊಂದು ಸಂಸ್ಥೆ ಇದೇ ವ್ಯವಸ್ಥೆಯನ್ನು ಬಳಸಿ 1982ರಲ್ಲಿ ದೊಡ್ಡ ಅಧಿಕಾರಿಗಳಿಗಾಗಿ ಆನ್‌ಲೈನ್ ಶಾಲೆ ತೆರೆಯಿತು. ಹೆಸರಾಂತ ಪ್ರಾಧ್ಯಾಪಕರು ಪಾಠಕ್ಕೆ ಬಂದರು, ಉದ್ದುದ್ದ ಉಪನ್ಯಾಸ ಬರೆದು ಹಾಕಿದರು, ಉತ್ತರಕ್ಕಾಗಿ ಕಾದರು. ಎಲ್ಲೆಡೆ ಮೌನ. ಅಷ್ಟು ತಿಳಿದವರ ಮಾತಿಗೆ ಏನೆಂದು ಉತ್ತರಿಸುವುದು? ಅಲ್ಲಿ ಕೆಲಸ ಮಾಡಿದ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಫೀನ್‌ಬರ್ಗ್ ಇದನ್ನೆಲ್ಲ ನೋಡಿ ಚರ್ಚೆ ನಡೆಸುವವರ ಮುಖ್ಯ ಕೆಲಸಕ್ಕೆ ‘ನೇಯುವುದು’ ಎಂಬ ಹೆಸರು ಕೊಟ್ಟರು. ಆಗಾಗ ಒಂದು ಟಿಪ್ಪಣಿ ಬರೆದು, ಇವರು ಹೀಗೆಂದರು, ಅವರು ಹಾಗೆಂದರು, ಎರಡೂ ಇಲ್ಲಿ ಕೂಡುತ್ತವೆ, ಇಲ್ಲಿ ಬೇರೆಯಾಗುತ್ತವೆ, ಈಗ ಮುಂದಿನ ಪ್ರಶ್ನೆ ಇದು ಎಂದು ತೋರಿಸುವುದು. ನಮ್ಮ ಊರಿನಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಗಳು ಎಷ್ಟೇ ಬಣ್ಣದವಾಗಿರಲಿ, ಅಡ್ಡ ಹಾಯುವ ಲಾಳಿ ಇಲ್ಲದಿದ್ದರೆ ಅದು ಬಟ್ಟೆಯಾಗುವುದಿಲ್ಲ.

ಇವೆಲ್ಲ ವಯಸ್ಕರ ಕಥೆಯಾಯಿತು. ಶಾಲಾ ಮಕ್ಕಳ ನಡುವೆ ಇದನ್ನು ಗಂಭೀರವಾಗಿ ತಂದವರು ಕೆನಡಾದ ಟೊರಾಂಟೋದ ಮಾರ್ಲೀನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್. 1980ರ ದಶಕದಲ್ಲಿ ಐದು, ಆರನೇ ತರಗತಿಯ ಮಕ್ಕಳಿಗಾಗಿ ಅವರು ಒಂದು ವ್ಯವಸ್ಥೆ ಮಾಡಿದರು. ತರಗತಿಯ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಜೋಡಿಸಿದ್ದವು. ಮಗು ಬರೆಯಲು ಕುಳಿತಾಗ ಖಾಲಿ ಪುಟದ ಬದಲು ವಾಕ್ಯದ ಆರಂಭ ಸಿಗುತ್ತಿತ್ತು: ‘ನನ್ನ ಸಿದ್ಧಾಂತ ಏನೆಂದರೆ’, ‘ನನಗೆ ತಿಳಿಯಬೇಕಾದದ್ದು’, ‘ಹೊಸದಾಗಿ ಗೊತ್ತಾದದ್ದು’. ಹನ್ನೊಂದು ವರ್ಷದ ಮಗುವಿಗೆ ‘ನನ್ನ ಸಿದ್ಧಾಂತ’ ಎಂದು ಹೇಳಲು ಅವಕಾಶ ಕೊಡುವುದು ಸಣ್ಣ ಗೌರವವಲ್ಲ. ಉತ್ತರ ಸರಿಯೋ ತಪ್ಪೋ ಎಂಬ ಅಂಜಿಕೆ ಅಲ್ಲಿಗೆ ಅರ್ಧ ಇಳಿಯುತ್ತದೆ. ಸಿದ್ಧಾಂತವನ್ನು ನಾಳೆ ತಿದ್ದಬಹುದಲ್ಲ.

ಮರುಭೂಮಿಯ ಹುಡುಗ, ಐಐಟಿಯ ಹುಡುಗಿ

1990ರ ದಶಕದಲ್ಲಿ ಅಂತರಜಾಲ ಹರಡಿದ ಮೇಲೆ ಎಲ್ಲ ವಿಶ್ವವಿದ್ಯಾಲಯಗಳೂ ಚರ್ಚಾಪುಟ ತೆರೆದವು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1988ರಲ್ಲೇ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಈ ಕೆಲಸ ಮಾಡಿ ನೋಡಿತ್ತು. ಅಲ್ಲಿಯ ಅನುಭವದಿಂದ ಗಿಲ್ಲಿ ಸಾಲ್ಮನ್ 2000ದಲ್ಲಿ ಒಂದು ಪುಸ್ತಕ ಬರೆದರು. ಮೊದಲು ಒಳಗೆ ಬರಲು ಕಲಿಸಿ, ನಂತರ ಪರಸ್ಪರ ಪರಿಚಯವಾಗಲಿ, ಆಮೇಲೆಯೇ ಪಾಠದ ಚರ್ಚೆ ಎಂಬುದು ಅದರ ಸಾರ. ಮದುವೆ ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವವರಿಗೆ ಇದು ಹೊಸದಲ್ಲ.

ಅದೇ ವರ್ಷ ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು ಚರ್ಚೆ ನಾಲ್ಕು ಹಂತಗಳಲ್ಲಿ ಸಾಗಬೇಕು ಎಂದರು: ಪ್ರಶ್ನೆ ಏಳುವುದು, ಹುಡುಕಾಟ, ಜೋಡಣೆ, ತೀರ್ಮಾನ. ಮರುವರ್ಷ ಒಂದು ಚಿಕ್ಕ ಮಾದರಿಯ ಸಂದೇಶಗಳನ್ನು ಎಣಿಸಿದಾಗ ಹುಡುಕಾಟದ ಹಂತದವು ಶೇ. 42, ಜೋಡಣೆಯವು ಶೇ. 13, ತೀರ್ಮಾನದವು ಕೇವಲ ಶೇ. 4 ಸಿಕ್ಕವು. ಎಲ್ಲರೂ ತಮಗೆ ತೋಚಿದ್ದನ್ನು ಹೇಳಿ ಎದ್ದು ಹೋದರು ಎಂದರ್ಥ. ನಮ್ಮ ಅರಳಿಕಟ್ಟೆಯ ಹರಟೆಯನ್ನು ಎಣಿಸಿದ್ದರೂ ಲೆಕ್ಕ ಇದೇ ಬರುತ್ತಿತ್ತೋ ಏನೋ.

ಈಗ ಗಾಳಿಯ ಶಾಲೆಯ ಹುಡುಗನ ಸರದಿ. ಮಾರ್ಟಿನ್ ಡೂಗಿಯಾಮಸ್ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂಟಿ ನೆಲೆಯಲ್ಲಿ ಬೆಳೆದವರು, ರೇಡಿಯೋ ಪಾಠ ಕೇಳಿ ಕಲಿತವರು. ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಮೂಡಲ್ ಎಂಬ ತಂತ್ರಾಂಶ ಬರೆದು 2002ರಲ್ಲಿ ಅದರ ಮೊದಲ ಆವೃತ್ತಿಯನ್ನು ಉಚಿತವಾಗಿ ಬಿಟ್ಟರು. ಇಂದು ಲೋಕದ ಮೂಲೆಮೂಲೆಗಳ ಶಾಲಾ ಕಾಲೇಜುಗಳು ಅದನ್ನು ಬಳಸುತ್ತವೆ. ಎಂಜಿನಿಯರ್ ಕಣ್ಣಿನಿಂದ ನೋಡಿದಾಗ ಅದರ ಎರಡು ಸಣ್ಣ ಗುಣಗಳು ನನಗೆ ಇಷ್ಟ. ಒಂದು, ಹಿಲ್ಟ್ಜ್ ಅವರ ಏರ್ಪಾಟು ಅದರಲ್ಲಿದೆ: ನೀವು ಬರೆಯದೆ ಬೇರೆಯವರದು ಕಾಣದಂತೆ ಚರ್ಚೆ ಇಡಬಹುದು. ಎರಡು, ಬರೆದು ಕಳಿಸಿದ ಮೇಲೂ ಅರ್ಧ ಗಂಟೆ ತಿದ್ದಲು ಸಮಯ ಕೊಡುತ್ತದೆ. ಅಲ್ಲಿಯವರೆಗೆ ಉಳಿದವರಿಗೆ ಮಿಂಚಂಚೆ ಹೋಗುವುದಿಲ್ಲ. ಒಂಟಿಯಾಗಿ ಕಲಿತವನಿಗೆ ಮಾತ್ರ ಹೊಳೆಯುವ ದಾಕ್ಷಿಣ್ಯ ಇದು ಎಂದು ನನಗೆ ಅನ್ನಿಸುತ್ತದೆ.

ಇನ್ನೊಬ್ಬರು ನಮ್ಮವರೇ. ಪಟ್ನಾದಿಂದ ಬಂದು ಕಾನ್ಪುರದ ಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ ಪೂಜಾ ಶಂಕರ್. ತರಗತಿಯಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಹುಡುಗರು ಒಟ್ಟಿಗೆ ಕುಳಿತು ಒಬ್ಬರನ್ನೊಬ್ಬರು ಕೇಳಿ ಲೆಕ್ಕ ಬಿಡಿಸುತ್ತಿದ್ದಾಗ ಕೇಳಲು ಸಂಕೋಚಪಟ್ಟು ಅವರು ಒಂದು ಮೂಲೆಯಲ್ಲಿ ಕುಳಿತು ಹೆಣಗುತ್ತಿದ್ದರಂತೆ. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ, 2009ರಲ್ಲಿ, ಪಿಯಾಝಾ ಎಂಬ ಚರ್ಚಾ ತಾಣವನ್ನು ಕಟ್ಟಿದರು. ಅದರ ಮುಖ್ಯ ಗುಣ, ಸಹಪಾಠಿಗಳಿಗೆ ಹೆಸರು ಕಾಣದಂತೆ ಪ್ರಶ್ನೆ ಕೇಳಬಹುದು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ಅಪ್ಪಿಕೊಂಡವು. ನಮ್ಮ ಶಾಲೆಯಲ್ಲಿ ಹುಡುಗಿಯರ ಸಾಲಿನಿಂದ ಮೂರು ವರ್ಷದಲ್ಲಿ ಎಷ್ಟು ಪ್ರಶ್ನೆ ಎದ್ದವು ಎಂದು ನನ್ನ ಜೊತೆಯವರು ಯೋಚಿಸಿ ನೋಡಲಿ.

ದೊಡ್ಡವರು ಎಡವಿದ ಕಥೆಯೂ ಇದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಸುಮಾರು 1,60,000 ಜನ ಸೇರಿದ ಮೇಲೆ ಭಾರೀ ಆನ್‌ಲೈನ್ ತರಗತಿಗಳ ಜಾತ್ರೆಯೇ ಶುರುವಾಯಿತು. 2013ರ ಆರಂಭದಲ್ಲಿ ಕೋರ್ಸೆರಾದಲ್ಲಿ ಸುಮಾರು 40,000 ಜನರಿಗಾಗಿ ಒಂದು ಪಾಠ ತೆರೆಯಿತು. ವಿಷಯ: ಆನ್‌ಲೈನ್‌ನಲ್ಲಿ ಕಲಿಸುವುದು ಹೇಗೆ. ಚರ್ಚೆಗಾಗಿ ಸಣ್ಣ ಗುಂಪುಗಳಿಗೆ ಸೇರಲು ಎಲ್ಲರೂ ಒಂದೇ ಗೂಗಲ್ ಹಾಳೆಯಲ್ಲಿ ಹೆಸರು ಬರೆಯಬೇಕೆಂದರು. ಅಷ್ಟು ಜನ ಒಮ್ಮೆಗೇ ನುಗ್ಗಿದಾಗ ಹಾಳೆ ಕುಸಿದುಬಿತ್ತು, ಬರೆದ ಹೆಸರುಗಳು ಅಳಿಸಿಹೋದವು, ವಾರದೊಳಗೆ ಪಾಠವನ್ನೇ ನಿಲ್ಲಿಸಬೇಕಾಯಿತು. 1973ರಲ್ಲಿ ಆ ಹುಡುಗ ಬಗೆಹರಿಸಿದ್ದ ತೆರೆದ ಕಡತದ ತೊಂದರೆ ನಲವತ್ತು ವರ್ಷದ ನಂತರ ವೇಷ ಬದಲಿಸಿ ಬಂದಿತ್ತು.

ನಮ್ಮ ನಾಡಿನಲ್ಲಿ

ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿತು. ಅದನ್ನು ಮೊದಲು ಬಳಸಿದವರಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಸೈಟ್ ಕಾಲದಲ್ಲಿ ಇಲ್ಲದ ಮರುಮಾತು ಇದರಲ್ಲಿತ್ತು, ನೋಡುವವರೂ ತಿರುಗಿ ಪ್ರಶ್ನೆ ಕೇಳಬಹುದಿತ್ತು. ನಾನು ಬಿ.ಇ. ಓದಿದ ಕಾಲದಲ್ಲಿ ಅಂಥ ತರಗತಿಗಳಲ್ಲಿ ಕುಳಿತಿದ್ದೇನೆ. ಪಾಠ ಒಳ್ಳೆಯದಿತ್ತು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ರಾಜ್ಯದ ಎಷ್ಟೋ ಕಾಲೇಜುಗಳ ಹುಡುಗರು ಒಟ್ಟಿಗೆ ಮೌನವಾಗುತ್ತಿದ್ದರು. ಮುಖ ಕಾಣದ ಇಷ್ಟು ಜನರ ಎದುರು ‘ಸರ್, ಎರಡನೇ ಹಂತ ಅರ್ಥವಾಗಲಿಲ್ಲ’ ಎನ್ನುವ ಗಟ್ಟಿಗರು ಎಷ್ಟು ಮಂದಿ ಸಿಗುತ್ತಾರೆ? ತಂತಿ ಎರಡೂ ಕಡೆ ಇತ್ತು, ಮಾತು ಒಂದೇ ಕಡೆಯಿಂದ ಬರುತ್ತಿತ್ತು.

2017ರಲ್ಲಿ ಬಂದ ಕೇಂದ್ರದ ಸ್ವಯಂ ಯೋಜನೆಯಲ್ಲಿ ಪ್ರತಿ ಪಾಠಕ್ಕೂ ನಾಲ್ಕು ಭಾಗ ಇರಬೇಕೆಂದು ಗೊತ್ತುಮಾಡಿದ್ದಾರೆ: ವಿಡಿಯೋ, ಓದುವ ಸಾಮಗ್ರಿ, ಸ್ವಂತ ಪರೀಕ್ಷೆ, ಚರ್ಚಾ ವೇದಿಕೆ. ಚರ್ಚೆಗೆ ಕಾಗದದ ಮೇಲೆ ಕಾಲು ಪಾಲು ಸ್ಥಾನ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆಮೇಲೆ 2020ರ ಮಾರ್ಚ್. ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಗುರುತಿಸಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು, 2021ರ ಜನವರಿಯಲ್ಲಿ ಮತ್ತೆ ನಡೆಯಿತು.

ಆಗ ನನ್ನ ಅಕ್ಕನ ಮಗಳು ಬೇರೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಮನೆಯಿಂದ ಕೆಲಸ ಮಾಡುತ್ತ ನಾನು ಊರಿನಲ್ಲೇ ಇದ್ದುದರಿಂದ ಅವಳ ತರಗತಿಯ ಗುಂಪನ್ನು ದಿನಾ ನೋಡುವ ಅವಕಾಶ ಸಿಕ್ಕಿತು. ಮೊದಲ ತಿಂಗಳು ಶಿಕ್ಷಕರು ವಿಡಿಯೋ ಹಾಕುವುದು, ಮಕ್ಕಳು ಹೆಬ್ಬೆರಳಿನ ಚಿತ್ರ ಹಾಕುವುದು. ‘ಓಕೆ ಮಿಸ್’ ಎಂದು ನಲವತ್ತು ಸಲ. ಪ್ರಶ್ನೆ ಕೇಳಿದರೆ ಇಂಗ್ಲಿಷ್ ಮಾಧ್ಯಮದಿಂದ ಬಂದಿದ್ದ ಒಬ್ಬ ಹುಡುಗ ಗೂಗಲ್ ನೋಡಿ ಎರಡು ನಿಮಿಷದಲ್ಲಿ ಉತ್ತರ ಹಾಕಿಬಿಡುತ್ತಿದ್ದ, ಉಳಿದವರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಆ ಗುಂಪಿನ ವಿಜ್ಞಾನದ ಮೇಡಂ ಒಂದು ದಿನ ಕ್ರಮ ಬದಲಿಸಿದರು. ‘ಬಾವಿಯ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇರುತ್ತದೆ, ಯಾಕೆ? ನಿಮಗೆ ಅನ್ನಿಸಿದ್ದನ್ನು ಹೇಳಿ, ಮನೆಯಲ್ಲಿ ಅಜ್ಜಿಯನ್ನೂ ಕೇಳಿ’ ಎಂದು ಗುಂಪಿನಲ್ಲಿ ಹಾಕಿದರು. ಆದರೆ ಉತ್ತರವನ್ನು ಗುಂಪಿಗೆ ಹಾಕುವಂತಿಲ್ಲ, ತಮಗೊಬ್ಬರಿಗೇ ಕಳಿಸಬೇಕು. ಟೈಪ್ ಮಾಡಲು ಬಾರದವರು ಧ್ವನಿ ಸಂದೇಶ ಕಳಿಸಬಹುದು. ಗಡುವು ರಾತ್ರಿ ಒಂಬತ್ತೂವರೆ. ಯಾಕೆಂದರೆ ಅರ್ಧಕ್ಕರ್ಧ ಮನೆಗಳಲ್ಲಿ ಫೋನ್ ಬರುತ್ತಿದ್ದುದೇ ಅಪ್ಪ ಕೆಲಸದಿಂದ ಬಂದ ಮೇಲೆ. ಸಾದಾ ಫೋನ್ ಇದ್ದವರು ಮಿಸ್ಡ್ ಕಾಲ್ ಕೊಟ್ಟರೆ ಅವರೇ ಮಾಡಿ ಕೇಳಿ ಬರೆದುಕೊಳ್ಳುತ್ತಿದ್ದರು. ಮರುದಿನ ಬೆಳಗ್ಗೆ ಎಲ್ಲರ ಉತ್ತರಗಳೂ ಹೆಸರಿನೊಂದಿಗೆ ಒಂದೇ ಸಂದೇಶದಲ್ಲಿ ಬಂದವು. ನೀರು ಬದಲಾಗುವುದೇ ಇಲ್ಲ, ನಮ್ಮ ಮೈ ಬದಲಾಗುತ್ತದೆ ಎಂದು ಒಬ್ಬಳು. ಭೂಮಿಯ ಒಳಗೆ ಬಿಸಿ ಇದೆ ಎಂದು ಒಬ್ಬ. ಹಾಗಾದರೆ ಬೇಸಿಗೆಯಲ್ಲೂ ಬಿಸಿ ಇರಬೇಕಲ್ಲ ಎಂದು ಮೂರನೆಯವರು. ಕೊನೆಯಲ್ಲಿ ಮೇಡಂ ಬರೆದಿದ್ದು ಎರಡೇ ಸಾಲು: ಮೊದಲನೆಯ ಇಬ್ಬರಲ್ಲಿ ಯಾರ ಮಾತು ಸರಿ ಎಂದು ಪರೀಕ್ಷಿಸುವುದು ಹೇಗೆ? ಇವತ್ತು ರಾತ್ರಿ ಹೇಳಿ.

ಆ ಮೇಡಂ ಹಿಲ್ಟ್ಜ್ ಅವರನ್ನಾಗಲಿ ಫೀನ್‌ಬರ್ಗ್ ಅವರನ್ನಾಗಲಿ ಓದಿರಲಿಕ್ಕಿಲ್ಲ. ಬರೆಯುವ ಮೊದಲು ಬೇರೆಯವರದು ಕಾಣಬಾರದು ಎಂಬ ಏರ್ಪಾಟು, ಕಾಯುವ ಸಮಯ, ನೇಯ್ಗೆ, ಮುಂದಿನ ಪ್ರಶ್ನೆ, ಎಲ್ಲವನ್ನೂ ಒಂದು ಸಾಧಾರಣ ಫೋನಿನಲ್ಲಿ ಮಾಡಿ ತೋರಿಸಿದರು. ಅದಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. ರಾತ್ರಿ ಹನ್ನೊಂದರವರೆಗೆ ಅವರ ಫೋನ್ ಬಿಡುವಾಗುತ್ತಿರಲಿಲ್ಲ ಎಂದು ನನ್ನ ಅಕ್ಕ ಹೇಳುತ್ತಿದ್ದಳು. ಆ ಗುಂಪಿನಲ್ಲಿ ಅದುವರೆಗೆ ಹೆಬ್ಬೆರಳು ಬಿಟ್ಟು ಬೇರೇನೂ ಹಾಕದ ನನ್ನ ಸೋದರಸೊಸೆ ಬಾವಿಗೆ ಹಗ್ಗದಲ್ಲಿ ಥರ್ಮಾಮೀಟರ್ ಇಳಿಸಬೇಕೆಂದು ಹಟ ಹಿಡಿದಿದ್ದು ಆ ವಾರವೇ. ಜ್ವರ ನೋಡುವ ಥರ್ಮಾಮೀಟರಿನಿಂದ ಅದು ಆಗದು ಎಂದು ಅವಳಿಗೆ ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಈಗ ಹೊಸ ತೊಡಕೊಂದು ಬಂದಿದೆ. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಪ್ರಾಧ್ಯಾಪಕ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ತರಗತಿಯ ಚರ್ಚೆಯಲ್ಲಿ ಮಾಮೂಲಿ ಪ್ರಶ್ನೆಗಳಿಗೆ ಉತ್ತರಿಸಲು ಜಿಲ್ ವಾಟ್ಸನ್ ಎಂಬ ಯಂತ್ರವನ್ನು ಬಿಟ್ಟಿದ್ದರು. ಅದು ಮನುಷ್ಯರಲ್ಲ ಎಂದು ವಿದ್ಯಾರ್ಥಿಗಳಿಗೆ ಮೊದಲು ಗೊತ್ತಾಗಲಿಲ್ಲ. ಈಗ ಅದಕ್ಕಿಂತ ಎಷ್ಟೋ ಜಾಣ ಯಂತ್ರಗಳು ಪ್ರತಿ ಫೋನಿನಲ್ಲೂ ಇವೆ, ಕನ್ನಡದಲ್ಲೂ ಉತ್ತರ ಕೊಡುತ್ತವೆ. ‘ಉಷ್ಣ ಎಂದರೇನು’ ಎಂದು ಕೇಳಿದರೆ ನಮಗೆ ಮೂವತ್ತು ಚಂದದ ಉತ್ತರ ಬರುತ್ತವೆ, ಒಂದೂ ಮಕ್ಕಳದಾಗಿರುವುದಿಲ್ಲ. ನಿಮ್ಮ ಮನೆಯ ಬಾವಿ, ನಿಮ್ಮ ಅಜ್ಜಿ ಹೇಳಿದ್ದು, ನಿನ್ನೆ ನಿಮ್ಮ ಗೆಳತಿ ಹೇಳಿದ್ದು ಎಂದು ಕೇಳಿದರೆ ಯಂತ್ರಕ್ಕೆ ಹಾಗೆ ಸಲೀಸಾಗಿ ದಾರಿ ಸಿಗದು.

ಹಾಗಾಗಿ ನಮ್ಮ ಸಂಘಕ್ಕೆ ನನ್ನ ವಿನಂತಿ ಇಷ್ಟು. ಟ್ಯಾಬ್ಲೆಟ್‌ಗಳ ಸಂಖ್ಯೆ ಸ್ವಲ್ಪ ಕಡಿಮೆಯಾದರೂ ಸರಿ, ಸಾದಾ ಫೋನಿನ ಮಕ್ಕಳಿಂದ ಕರೆ ಸ್ವೀಕರಿಸಲು ಒಂದು ನಂಬರ್ ಇಡೋಣ. ಮೂವತ್ತು ಮಕ್ಕಳನ್ನು ಒಬ್ಬರ ಮುಂದೆ ಕೂರಿಸುವುದು ಬೇಡ, ಎಂಟೆಂಟು ಮಕ್ಕಳಿಗೆ ಒಬ್ಬೊಬ್ಬ ಹಳೆಯ ವಿದ್ಯಾರ್ಥಿ ಸಾಕು. ಭಾನುವಾರದ ವಿಡಿಯೋ ಪಾಠ ಅರ್ಧ ಗಂಟೆ ಇರಲಿ, ವಾರದ ಪ್ರಶ್ನೆ ಬುಧವಾರ ರಾತ್ರಿಯವರೆಗೆ ತೆರೆದಿರಲಿ, ಗುರುವಾರ ಬೆಳಗ್ಗೆ ನೇಯ್ದ ಉತ್ತರ ಹೋಗಲಿ. ಈ ನೇಯುವ ಕೆಲಸಕ್ಕೆ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಕು, ಅಷ್ಟು ಬಿಡುವಿರುವವರು ಮಾತ್ರ ಹೆಸರು ಕೊಡಬೇಕು. ಈಗ ಶಾಲೆಯಲ್ಲಿರುವ ಶಿಕ್ಷಕರ ಮೇಲೆ ಈ ಹೊರೆಯನ್ನು ಹಾಕುವಂತಿಲ್ಲ, ಅವರಿಗೆ ಹಗಲಿನ ಕೆಲಸವೇ ಬೇಕಾದಷ್ಟಿದೆ. ಪ್ರಶ್ನೆಗಳನ್ನು ಮಾತ್ರ ಅವರೇ ಆರಿಸಿಕೊಡಲಿ ಎಂದು ಕೇಳಿಕೊಂಡಿದ್ದೆವು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮೊದಲ ವಾರದ ಪ್ರಶ್ನೆ ಈಗಾಗಲೇ ಕೈಗೆ ಬಂದಿದೆ: ನಮ್ಮ ಶಾಲೆಯ ಅಂಗಳದ ಬೇವಿನ ಮರದ ಎತ್ತರವನ್ನು ಮರ ಹತ್ತದೆ ಅಳೆಯುವುದು ಹೇಗೆ?